ಲಿಟಲ್ ಬ್ಯಾಜರ್ ಸೇತುವೆಗೆ ಯಾರ ಸಹಿ

ಬ್ರೆಮರ್
ಸೆಪ್ಟೆಂಬರ್ 14, 1992

ಪ್ರಿಯ ನೆಸ್ ಅವರೇ,

ನೀವು ನಿವೃತ್ತರಾಗಿ ಲಾಸ್ ಕ್ರೂಸಸ್‌ನ ಬಿಸಿಲಿಗೆ ಹೋಗಿ ಎರಡು ತಿಂಗಳಾಗಿಲ್ಲ, ಇಲ್ಲಿ ನಿಮ್ಮ ಕೇಂದ್ರದವರ ದರ್ಬಾರು ಮುಗಿಯಿತು. ಇದೇ ಒಂದನೇ ತಾರೀಖಿನಿಂದ ದೊಡ್ಡ ಹೆದ್ದಾರಿಗಳನ್ನು ಬಿಟ್ಟು ಉಳಿದ ಎಲ್ಲ ರಸ್ತೆ, ಸೇತುವೆಗಳ ಮೇಲುಸ್ತುವಾರಿ ರಾಜ್ಯಕ್ಕೆ ಬಂದಿದೆ. ಹಣ ಮೊದಲಿನ ಹಾಗೆ ಕೇಂದ್ರದ್ದೇ, ನೋಡಿಕೊಳ್ಳುವವರು ನಾವು. ನಕ್ಷೆಗೆ ಒಪ್ಪಿಗೆ, ಕೆಲಸದ ತಪಾಸಣೆ, ಕೊನೆಯ ಸಹಿ ಎಲ್ಲ ಈ ಜಿಲ್ಲಾ ಕಚೇರಿಯಲ್ಲೇ. ಈ ಜಿಲ್ಲೆಯ ಸೇತುವೆಗಳಿಗೆ ಆ ಸಹಿ ಯಾರದು ಅಂದುಕೊಂಡಿರಿ? ಹನ್ನೊಂದು ವರ್ಷ ನಿಮ್ಮ ಹಿಂದೆ ಕಾಗದ ಹೊತ್ತು ತಿರುಗಿದ ಈ ಕಾರ್ಲಾ ವೆಟ್ಸಲ್‌ಳದು.

ಮೊದಲ ಕೆಲಸ ಲಿಟಲ್ ಬ್ಯಾಜರ್ ಹೊಳೆಯ ಸೇತುವೆ. ಮೂವತ್ತನಾಲ್ಕು ವರ್ಷದ ಮುದುಕಿ, ನಿಮಗೆ ಗೊತ್ತಿದ್ದದ್ದೇ. ಮೇಲೆ ಸರಪಳಿ ಎಳೆದು, ಟೊಳ್ಳು ಸದ್ದು ಕೇಳಿ, ಕಾಂಕ್ರೀಟ್ ಪದರ ಬಿಟ್ಟ ಜಾಗಗಳನ್ನು ಗುರುತಿಸಿ, ಕತ್ತರಿಸಿ ತೆಗೆದು, ತೇಪೆ ಹಾಕಿ, ಮೇಲೆ ಹೊಸದೊಂದು ಹೊದಿಕೆ ಹಾಕಬೇಕು. ಸಕ್ಕರೆ ಬೀಟ್ ಹೊತ್ತ ಲಾರಿಗಳು, ಬ್ರೆಮರ್ ಶಾಲೆಯ ಬಸ್ಸು ಎಲ್ಲ ಅದರ ಮೇಲೆಯೇ ಓಡಾಡಬೇಕು, ಬೇರೆ ದಾರಿಯೆಂದರೆ ಮೂವತ್ತೊಂದು ಮೈಲಿ ಸುತ್ತು. ಹಿಮ ಬೀಳುವುದರೊಳಗೆ ಮುಗಿಸುತ್ತೇನೆ, ನೋಡುತ್ತಿರಿ.

ನಮ್ಮ ತಪಾಸಣೆಗಾರ ಲೆರಾಯ್ ಬಿಟ್ನರ್ ನಿನ್ನೆ ಹೋಟೆಲಿನಲ್ಲಿ ಎಲ್ಲರ ಮುಂದೆ ಹೇಳಿದ: "ಪಾಪ, ಇನ್ಮೇಲೆ ಎರಡು ತುಂಡು ಕೂಕನ್ ಕೇಕು ಮುಗಿಸಿ, ಬಾಯಿ ಒರೆಸ್ಕೊಂಡು, ಎರಡು ಗಂಟೆಗೆ ಸರಪಳಿ ಹಿಡಿಯೋ ಸಾಹೇಬ್ರು ನಮಗಿಲ್ಲ. ಬೆಳಗ್ಗೆಯಿಂದ ಕಾದು ಕಾದು ನನ್ನ ಅರ್ಧ ಆಯಸ್ಸು ಆ ಅಂಗಡಿ ಬಾಗಿಲಲ್ಲೇ ಹೋಯ್ತು." ನಕ್ಕು ನಕ್ಕು ಸಾಕಾಯಿತು. ಕೂಕನ್ ಅಂಗಡಿಯವಳಿಗೆ ಮಾತ್ರ ನಿಮ್ಮ ನೆನಪು ಬಹಳ, ವ್ಯಾಪಾರ ಕಡಿಮೆಯಾಯಿತಂತೆ.

ನಿಮ್ಮ ತಂಗಿ ಗುದ್ರುನ್ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಕಾರ್ಲಾ

*

ಲಾಸ್ ಕ್ರೂಸಸ್
ಸೆಪ್ಟೆಂಬರ್ 26, 1992

ಪ್ರಿಯ ಕಾರ್ಲಾ,

ಕಾಗದ ತಲುಪಿತು. ಸಹಿ ನಿನ್ನದಾಗಿದ್ದು ನನಗೆ ಸಂತೋಷ. ಬೇರೆ ಯಾರದೋ ಆಗಿದ್ದರೆ ಇಲ್ಲಿಂದಲೇ ಬೈಯುತ್ತಿದ್ದೆ.

ಇಲ್ಲಿ ಏನಿದೆ ಎಂದು ಬರೆಯಲಿ. ಬೆಳಗ್ಗೆ ಎದ್ದರೆ ಬಿಸಿಲು, ಮಲಗುವಾಗ ಬಿಸಿಲಿನ ಕಾವು. ಗುದ್ರುನ್ ಎಲ್ಲಕ್ಕೂ ಹಸಿ ಮೆಣಸಿನಕಾಯಿ ಹಾಕುತ್ತಾಳೆ. ಇಷ್ಟು ವರ್ಷ ಆಲೂಗಡ್ಡೆಗೆ ಉಪ್ಪು ಹಾಕಿದ್ದೇ ಖಾರ ಎಂದುಕೊಂಡಿದ್ದ ಮನೆಯವಳು ಇವಳೇನಾ ಎನ್ನಿಸುತ್ತದೆ. ನಿನ್ನೆ ಊಟ ಮಾಡುವಾಗ ಕಣ್ಣಲ್ಲಿ ನೀರು ಬಂತು. ಅವಳು, "ಊರು ನೆನಪಾಯ್ತಾ ಅಣ್ಣ?" ಅಂದಳು. ಇಲ್ಲ, ಮೆಣಸಿನಕಾಯಿ ಅಂದೆ. ಎರಡೂ ನಿಜ.

ಸಲಹೆ ಕೊಡುವುದಿಲ್ಲ. ಮೂವತ್ತೊಂದು ವರ್ಷ ಕೇಂದ್ರದ ಕಡೆಯಿಂದ ಬಂದು ನಿಮ್ಮ ಕೆಲಸದಲ್ಲಿ ಮೂಗು ತೂರಿಸಿದ್ದಾಯಿತು, ಈಗ ಮನೆಯಲ್ಲಿ ಕೂತು ಅದನ್ನೇ ಮಾಡಿದರೆ ಚೆನ್ನಾಗಿರುವುದಿಲ್ಲ. ಒಂದೇ ಒಂದು ಕೇಳುತ್ತೇನೆ. 1989ರಲ್ಲಿ ಆ ಸೇತುವೆಯ ಮೇಲೆ ನಾನೇ ಸರಪಳಿ ಎಳೆದಿದ್ದೆ. ನೂರು ಚದರ ಅಡಿಗೆ ಹದಿನಾರು ಅಡಿ ಟೊಳ್ಳು ಸಿಕ್ಕಿತ್ತು. ಲೆರಾಯ್‌ಗೆ ಈ ಸಲ ಎಷ್ಟು ಸಿಕ್ಕಿತು ಎಂದು ಬರೆ. ಮುದುಕನ ಕುತೂಹಲ, ಅಷ್ಟೇ.

ಹಾಲ್ವರ್ ನೆಸ್

*

ಬ್ರೆಮರ್
ನವೆಂಬರ್ 2, 1992

ಪ್ರಿಯ ನೆಸ್ ಅವರೇ,

ಮುಗಿಯಿತು. ಅಕ್ಟೋಬರ್ ಮೂವತ್ತಕ್ಕೆ ಸೇತುವೆ ತೆರೆದೆವು, ಹೇಳಿದ ದಿನಕ್ಕಿಂತ ಒಂಬತ್ತು ದಿನ ಮುಂಚೆ. ರಾಜಧಾನಿಯಿಂದ ಮುಖ್ಯ ಎಂಜಿನಿಯರ್ ಫಾಸ್ ಅವರೇ ಫೋನ್ ಮಾಡಿ, "ಕಾರ್ಲಾ, ಇದನ್ನ ಬೇರೆ ಜಿಲ್ಲೆಗಳಿಗೆಲ್ಲ ತೋರಿಸ್ಬೇಕು ಕಣಮ್ಮ" ಅಂದರು. ಆ ಮನುಷ್ಯ ಹೊಗಳಿದ್ದನ್ನು ನೀವು ಎಂದಾದರೂ ಕೇಳಿದ್ದಿರಾ? ನಾನು ಕೇಳಿರಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ನೂರಕ್ಕೆ ಏಳು. ಹದಿನಾರಲ್ಲ, ಏಳು. ನಿಮಗೆ ಗಟ್ಟಿ ನೆಲದಲ್ಲೂ ಟೊಳ್ಳು ಕೇಳಿಸುತ್ತದೆ ಎಂದು ನಾನು ಮೊದಲಿಂದ ಹೇಳುತ್ತಿದ್ದೆನಲ್ಲ. ಅಷ್ಟು ಕಡಿಮೆ ಕತ್ತರಿಸಬೇಕಾಗಿ ಬಂದದ್ದರಿಂದಲೇ ಒಂಬತ್ತು ದಿನ ಉಳಿಯಿತು.

ಕೆಲಸ ಹೇಗೆ ಮಾಡಿಸಿದೆ ಎಂದು ಕೇಳಿ. ಲಾರಿಗಳ ಓಡಾಟ ಎಂಟಕ್ಕೆ ಶುರು. ಹಾಗಾಗಿ ಅಕ್ಟೋಬರ್ ಆರರಂದು ಬೆಳಗ್ಗೆ ಆರೂವರೆಗೇ ಲೆರಾಯ್‌ನನ್ನು ಸೇತುವೆ ಮೇಲೆ ನಿಲ್ಲಿಸಿದೆ. ಅದರ ಹಿಂದಿನ ವಾರ ಮೂರು ದಿನ ಮಳೆ, ಆಮೇಲೆ ಬಾನು ತೆರವಾಗಿ ಎರಡು ದಿನ ಒಣ ಚಳಿ. ತಪಾಸಣೆಯ ನಿಯಮದ ಪುಸ್ತಕದಲ್ಲಿ ಬರೆದ ಹಾಗೆ ಸೇತುವೆಯ ಮೈ ಪೂರ್ತಿ ಒಣಗಿತ್ತು, ನಾನೇ ಕೈಯಿಟ್ಟು ನೋಡಿದೆ. ಲೆರಾಯ್‌ನ ಮೀಸೆ ಮೇಲೆ ಬಿಳಿ ಹಿಮ. "ಈ ಚಳೀಲಿ ಸರಪಳಿ ಎಳಿಯೋಕೆ ನಾನೇನು ಕೈದಿನಾ?" ಎಂದು ಗೊಣಗಿದ. ಆದರೆ ಸರಪಳಿ ಕಿಣಿಕಿಣಿ ಎಂದು ಹಾಡಿಕೊಂಡು ಹೋಯಿತು. ಡಬ್ಬ ಬಡಿದಂಥ ಟೊಳ್ಳು ಸದ್ದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಎಂಟು ಗಂಟೆಗೆ ಎಲ್ಲ ಮುಗಿದು ಲಾರಿಗಳು ಹೊರಟವು. ಒಬ್ಬ ರೈತನೂ ಒಂದು ನಿಮಿಷ ಕಾಯಲಿಲ್ಲ.

ಕೇಂದ್ರದವರು ಇದ್ದಿದ್ದರೆ ನಾವು ಈಗಲೂ ನಿಮ್ಮ ಎರಡನೇ ತುಂಡು ಕೂಕನ್ ಮುಗಿಯಲಿ ಎಂದು ಕಾಯುತ್ತಿರುತ್ತಿದ್ದೆವು. ತಮಾಷೆಗೆ ಹೇಳಿದೆ, ಬೇಸರ ಮಾಡಿಕೊಳ್ಳಬೇಡಿ. ಆದರೂ ಸ್ವಲ್ಪ ನಿಜ.

ಕಾರ್ಲಾ

*

ಲಾಸ್ ಕ್ರೂಸಸ್
ನವೆಂಬರ್ 15, 1992

ಕಾರ್ಲಾ,

ಬೇಗ ಮುಗಿಸಿದ್ದೀಯ. ಸರಿ.

ಕಾಂಕ್ರೀಟಿನ ಒಳಗೆ ಬಿಟ್ಟ ಪದರ ತಾನಾಗಿ ಕೂಡಿಕೊಂಡದ್ದನ್ನು ನಾನು ಎಲ್ಲೂ ಕಂಡಿಲ್ಲ. 1989ರಲ್ಲಿ ಹದಿನಾರು ಇದ್ದದ್ದು ಈಗ ಇಪ್ಪತ್ತರ ಹತ್ತಿರ ಇರಬೇಕಿತ್ತು. ಏಳು ಹೇಗಾಯಿತು? ನೀನು ಎಂಜಿನಿಯರ್. ಕೂತು ಯೋಚನೆ ಮಾಡು. ಲೆರಾಯ್‌ನನ್ನೂ ಕೇಳು.

ಹಾಲ್ವರ್ ನೆಸ್

*

ಬ್ರೆಮರ್
ಡಿಸೆಂಬರ್ 1, 1992

ಶ್ರೀ ಹಾಲ್ವರ್ ನೆಸ್ ಅವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೂರು ಸಲವೂ ಒಂದೇ ಅರ್ಥ ಬಂತು. ನಾನೋ ಲೆರಾಯೋ ಲೆಕ್ಕವನ್ನು ತಿದ್ದಿದ್ದೇವೆ, ಗುತ್ತಿಗೆದಾರನಿಗೆ ಕೆಲಸ ಹಗುರ ಮಾಡಿಕೊಟ್ಟಿದ್ದೇವೆ ಎಂದು ತಾನೆ ನಿಮ್ಮ ಮಾತು?

ಲೆರಾಯ್ ಈ ಜಿಲ್ಲೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದಾನೆ. ಗುತ್ತಿಗೆದಾರನ ಕೈಯಿಂದ ಒಂದು ಲೋಟ ಕಾಫಿ ಸಹ ಕುಡಿದವನಲ್ಲ. ಚರ್ಚಿನ ನೆಲಮಾಳಿಗೆಯ ಊಟಕ್ಕೆ ಗುತ್ತಿಗೆದಾರ ಬಂದರೆ ಬೇರೆ ಮೇಜಿಗೆ ಎದ್ದು ಹೋಗುತ್ತಾನೆ. ನಿಮ್ಮ ಕಾಗದವನ್ನು ಅವನಿಗೆ ತೋರಿಸಿದೆ. ತಪ್ಪು ಮಾಡಿದೆ, ತೋರಿಸಬಾರದಿತ್ತು. ಅವನು ಓದಿ, ಮಡಚಿ, ಮೇಜಿನ ಮೇಲಿಟ್ಟು, "ನೆಸ್ ಹೀಗೆ ಬರೀತಾರೆ ಅಂದ್ಕೊಂಡಿರ್ಲಿಲ್ಲ" ಅಂದ. ಅಷ್ಟೇ ಹೇಳಿ ಹೊರಗೆ ಹೋದ.

ನನಗೆ ಅರ್ಥವಾಗುತ್ತದೆ. ಅಧಿಕಾರ ಕೈ ಬಿಟ್ಟು ಹೋದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ರಾಜ್ಯದವರು ತಾವಾಗಿ ಏನೂ ಮಾಡಲಾರರು ಎಂದು ನಿಮ್ಮ ಕಚೇರಿಯಲ್ಲಿ ಮೊದಲಿಂದ ಮಾತಿತ್ತು. ನೀವು ಆ ಗುಂಪಿನವರಲ್ಲ ಎಂದು ನಾನು ನಂಬಿದ್ದೆ. ಆರೋಪ ಇದ್ದರೆ ದಯವಿಟ್ಟು ಫಾಸ್ ಅವರಿಗೆ ನೇರವಾಗಿ ಬರೆಯಿರಿ. ನನಗೆ ಒಗಟು ಕಳಿಸಬೇಡಿ.

ಕಾರ್ಲಾ ವೆಟ್ಸಲ್
ಜಿಲ್ಲಾ ಸೇತುವೆ ಎಂಜಿನಿಯರ್

*

ಲಾಸ್ ಕ್ರೂಸಸ್
ಫೆಬ್ರವರಿ 21, 1993

ಪ್ರಿಯ ಕಾರ್ಲಾ,

ನಿನಗೆ ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದು, ಇದನ್ನು ಬರೆದ ಕೂಡಲೇ ಅಂಚೆಗೆ ಹಾಕಿಕೊಂಡು ಬಾ ಎಂದು ಗುದ್ರುನ್ ಕಾರಿನ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

ಲೆರಾಯ್ ಮೋಸ ಮಾಡಿದ ಎಂದು ನನ್ನ ಮನಸ್ಸಿನ ಮೂಲೆಯಲ್ಲೂ ಇರಲಿಲ್ಲ. ಅವನಿಗೆ ಇದನ್ನು ಓದಿ ಹೇಳು. ಅವನ ಕಿವಿ ಸರಿಯಿದೆ, ಅವನ ಮನಸ್ಸೂ ಸರಿಯಿದೆ. ಅವನು ಕೇಳಿದ್ದು ಅಂದು ಬೆಳಗ್ಗೆ ಸೇತುವೆ ಹೇಳಿದ್ದನ್ನೇ. ಸೇತುವೆಯೇ ಸುಳ್ಳು ಹೇಳಿತು.

ಹಿಂದಿನ ವಾರ ಮೂರು ದಿನ ಮಳೆ ಬಂತೆಂದು ನೀನೇ ಬರೆದಿದ್ದೆ. ಆ ನೀರು ಬಿರುಕಿನಲ್ಲಿ ಇಳಿದು ಬಿಟ್ಟ ಪದರಗಳ ನಡುವೆ ನಿಲ್ಲುತ್ತದೆ. ಆಮೇಲೆ ಎರಡು ದಿನದ ಚಳಿಗೆ ಅದು ಹೆಪ್ಪುಗಟ್ಟಿತು. ಟೊಳ್ಳಿನ ತುಂಬ ಮಂಜುಗಡ್ಡೆ ಬಿಗಿದು ಕೂತರೆ ಅದು ಟೊಳ್ಳಲ್ಲ, ಕಲ್ಲು. ಸರಪಳಿ ಎಳೆದರೆ ಕಿಣಿಕಿಣಿ ಎನ್ನುತ್ತದೆ. ಮೇಲಿನ ಮೈ ಒಣಗಿರಬೇಕು ಎಂದು ಪುಸ್ತಕದಲ್ಲಿದೆ, ಅದು ಒಣಗಿಯೇ ಇತ್ತು. ಒಳಗೇನಿದೆ ಎಂದು ಆ ಪುಸ್ತಕ ಬರೆದವರು ಕೇಳಲಿಲ್ಲ, ಅವರು ನಮ್ಮ ಚಳಿಯಲ್ಲಿ ಬೆಳೆದವರಲ್ಲ. ಬಿಸಿಲು ಏರಿ ಒಳಗಿನ ಗಡ್ಡೆ ಕರಗುವ ತನಕ ಕಾಯಬೇಕು. ನಮ್ಮ ಸೀಮೆಯಲ್ಲಿ ಅಕ್ಟೋಬರಿನಲ್ಲಿ ಅದು ಮಧ್ಯಾಹ್ನ ಎರಡು ಗಂಟೆ.

ನಾನು ಎರಡು ಗಂಟೆಗೆ ಸರಪಳಿ ಹಿಡಿಯುತ್ತಿದ್ದದ್ದು ಅದಕ್ಕೆ, ಕೂಕನ್‌ಗಲ್ಲ. ಅಲ್ಲಿಯವರೆಗೆ ಹೊತ್ತು ಹೋಗಬೇಕಲ್ಲ, ಅದಕ್ಕೆ ಕೂಕನ್.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಮೊದಲ ವರ್ಷಗಳಲ್ಲಿ, ಎಲ್ಲರಿಗೂ ಗೊತ್ತಿರಬೇಕು ಎಂದುಕೊಂಡೆ. ಆಮೇಲೆ ನೀವೆಲ್ಲ ಕೂಕನ್ ಎಂದು ನಗುವುದು ಶುರುವಾಯಿತು. ನನಗೂ ಅದು ಇಷ್ಟವಾಯಿತು. ನಿಜ ಹೇಳುತ್ತೇನೆ, ನನಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಇದೆ ಎಂಬುದೂ ಇಷ್ಟವಾಗಿತ್ತು. ನಿವೃತ್ತನಾಗುವಾಗ ಹದಿನಾಲ್ಕು ಪೆಟ್ಟಿಗೆ ಕಾಗದ ನಿಮಗೆ ಒಪ್ಪಿಸಿ ರಸೀದಿ ಪಡೆದೆ. ಇದನ್ನು ಒಪ್ಪಿಸಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ಇದು ಹೆಚ್ಚು ಕಷ್ಟದ್ದು. ನಿನ್ನ ನವೆಂಬರಿನ ಕಾಗದ ಓದಿದ ಕ್ಷಣದಲ್ಲೇ ನನಗೆ ಎಲ್ಲ ಗೊತ್ತಾಯಿತು. ಒಂದು ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು. ಒಗಟು ಹಾಕಿದೆ. ನೀನು ತಲೆ ಕೆಡಿಸಿಕೊಂಡು, ಸೋತು, ನನ್ನನ್ನು ಕೇಳಲಿ ಎಂದು ಕಾದೆ. ಹೊಟ್ಟೆ ಉರಿ ಎಂದು ಬರೆದೆಯಲ್ಲ, ಸರಿಯಾಗಿಯೇ ಬರೆದೆ. ನಾನು ಹಾಗೆ ಕಾಯುತ್ತಿದ್ದ ಅಷ್ಟೂ ದಿನ ಆ ಸೇತುವೆಯ ಮೇಲೆ ಲಾರಿಗಳು ಓಡುತ್ತಿದ್ದವು, ಬಸ್ಸು ಓಡುತ್ತಿತ್ತು. ಇದಕ್ಕೆ ನನಗೆ ನಾಚಿಕೆಯಾಗುತ್ತದೆ ಕಾರ್ಲಾ.

ಚಳಿ ಇರುವ ತನಕ ಆ ಗಡ್ಡೆಯೇ ಹಿಡಿದುಕೊಂಡಿರುತ್ತದೆ, ಹೆದರಬೇಡ. ಅಪಾಯ ಕರಗಿದ ಮೇಲೆ. ಏಪ್ರಿಲಿನಲ್ಲಿ ನಾಲ್ಕು ದಿನ ಬಿಸಿಲು ಬಿದ್ದ ಮೇಲೆ, ಮಧ್ಯಾಹ್ನ ಎರಡಕ್ಕೆ ನೀನೇ ಸರಪಳಿ ಎಳೆ. ಬೇಕಿದ್ದರೆ ಎಲ್ಲ ನನ್ನ ತಪ್ಪು ಎಂದು ಫಾಸ್‌ಗೆ ಬರೆದು ಕೊಡುತ್ತೇನೆ.

ಹಾಲ್ವರ್ ನೆಸ್

*

ಬ್ರೆಮರ್
ಏಪ್ರಿಲ್ 27, 1993

ಪ್ರಿಯ ನೆಸ್ ಅವರೇ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಮೊದಲ ವಾರ ನಿಮ್ಮ ಮೇಲೆ ಸಿಟ್ಟು, ಎರಡನೇ ವಾರ ನನ್ನ ಮೇಲೆ. ಆಮೇಲೆ ದಿನವೂ ಗೋಡೆಯ ಥರ್ಮಾಮೀಟರ್ ನೋಡುವುದೇ ಕೆಲಸ.

ಹೋದ ಗುರುವಾರ ಎರಡು ಗಂಟೆಗೆ ನಾನೂ ಲೆರಾಯೂ ಸೇತುವೆಗೆ ಹೋದೆವು. ಬಿಸಿಲು ಚೆನ್ನಾಗಿತ್ತು, ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಸರಪಳಿ ನಾನೇ ಹಿಡಿದೆ. ಪಶ್ಚಿಮದ ತುದಿಯಿಂದ ಇಪ್ಪತ್ತು ಹೆಜ್ಜೆ ಒಳ್ಳೆಯ ಸದ್ದು. ನನಗೆ ಎಷ್ಟು ಧೈರ್ಯ ಬಂತೆಂದರೆ, ನೆಸ್ ಅವರಿಗೆ ಈಗ ಒಂದು ಕಾಗದ ಬರೆಯುತ್ತೇನೆ ನೋಡು ಎಂದು ಲೆರಾಯ್‌ಗೆ ಹೇಳಿಯೂಬಿಟ್ಟೆ. ಆಮೇಲೆ ಡಬ್ಬದ ಸದ್ದು ಶುರುವಾಯಿತು. ನಿಲ್ಲಲೇ ಇಲ್ಲ. ಹೊಸ ಹೊದಿಕೆಯ ಕೆಳಗೆ ನಡು ಕಮಾನಿನ ಉದ್ದಕ್ಕೂ ಟೊಳ್ಳು. ಲೆರಾಯ್ ಹಿಂದೆ ಹಿಂದೆ ಸುಣ್ಣದ ಗೆರೆ ಎಳೆಯುತ್ತ ಬಂದ. ಕೊನೆಗೆ ತಿರುಗಿ ನಿಂತು ನೋಡಿದರೆ ಗೆರೆ ಎಳೆಯದ ಜಾಗವೇ ಕಡಿಮೆ ಎನ್ನಿಸಿತು. ಅಳೆದೆವು, ನೂರಕ್ಕೆ ಹದಿಮೂರು. ಹೋದ ವರ್ಷ ಕತ್ತರಿಸಿದ ಏಳನ್ನು ಕೂಡಿದರೆ ನೀವು ಹೇಳಿದ ಇಪ್ಪತ್ತು.

ಲೆರಾಯ್ ಟೋಪಿ ತೆಗೆದು ಕಂಬಿಯ ಮೇಲಿಟ್ಟ. "ಇಪ್ಪತ್ತೆರಡು ವರ್ಷ ಆ ಮನುಷ್ಯನ್ನ ತಿಂಡಿಪೋತ ಅಂತ ಆಡ್ಕೊಂಡ್ನಲ್ಲ," ಅಂದ. ಆಮೇಲೆ, "ಒಂದ್ಸಲ ಬಾಯಿ ಬಿಟ್ಟು ಹೇಳಿದ್ರೆ ಅವರ ಗಂಟೇನು ಹೋಗ್ತಿತ್ತು?" ಅಂತಲೂ ಅಂದ. ಎರಡನ್ನೂ ನಿಮಗೆ ಬರೆಯಲು ಹೇಳಿದ್ದಾನೆ.

ನಾಲ್ಕು ಗಂಟೆಗೆ ಸೇತುವೆ ಮುಚ್ಚಿದೆ. ಆದೇಶಕ್ಕೆ ನನ್ನದೇ ಸಹಿ, ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಏನಾಗುತ್ತಿತ್ತು ಎಂಬುದು ಐದು ಗಂಟೆಗೆ ಫಾಸ್ ಫೋನ್ ಮಾಡಿದಾಗ ಗೊತ್ತಾಯಿತು.

"ಮುಚ್ಚೋ ಅವಸರ ಏನಿತ್ತು? ಭಾರಿ ಲಾರಿಗೆ ಮಾತ್ರ ತಡೆ ಹಾಕಿ, ಬೀಟ್ ಸುಗ್ಗಿ ಆದ್ಮೇಲೆ ನೋಡ್ಕೋಬಹುದಿತ್ತಲ್ಲ?"

"ಬಸ್ಸು ಹೋಗುತ್ತೆ ಸಾರ್."

"ಬಸ್ಸು ಚಳಿಗಾಲ ಪೂರ್ತಿ ಹೋಗಿದೆ."

"ಅದಕ್ಕೇ ಮುಚ್ಚಿದ್ದು."

ಅವರು, ಇಡೀ ರಾಜ್ಯದಲ್ಲಿ ಹೊಸ ಪದ್ಧತಿಯ ಮೊದಲ ಕೆಲಸ ಇದು, ಇದೇ ಹೀಗಾದರೆ ನಮ್ಮ ಕೈಯಿಂದ ಎಲ್ಲ ಕಿತ್ತುಕೊಳ್ಳುತ್ತಾರೆ, ಗೊತ್ತಾ ಅಂದರು. ಗೊತ್ತು ಅಂದೆ.

ನಿನ್ನೆ ನಿಮ್ಮ ಜಾಗಕ್ಕೆ ಬಂದಿರುವ ಹ್ಯಾನ್ಸಲ್ ಬಂದಿದ್ದ. ಒಳ್ಳೆಯ ಹುಡುಗ, ಇಸ್ತ್ರಿ ಮಾಡಿದ ಜೀನ್ಸ್ ಹಾಕುತ್ತಾನೆ. ಬಾಗಿಲು ಮುಚ್ಚಿ ಹೇಳಿದ: "ನಮ್ಮ ಕಚೇರಿ ವಾಡಿಕೆ ಪ್ರಕಾರ ನೋಡ್ತಿದ್ದಾಗ ಇದು ಕಣ್ಣಿಗೆ ಬಿತ್ತು ಅಂತ ಬರೀತೀವಿ. ಈ ಜಿಲ್ಲೆ ಸೇತುವೆಗಳು ಎರಡು ವರ್ಷ ನಮ್ಮ ಹತ್ರ ವಾಪಸ್ ಬರ್ತವೆ. ನಿಮ್ಮ ಹೆಸರು, ಲೆರಾಯ್ ಹೆಸರು ಎಲ್ಲೂ ಬರಲ್ಲ. ಯಾರಿಗೂ ಏನೂ ಆಗಲ್ಲ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಫಾಸ್ ಕೂಡ ಒಪ್ಪಿದ್ದಾರಂತೆ.

ಮುಂದಿನ ವಾರದ ಶುಕ್ರವಾರದೊಳಗೆ ಉತ್ತರ ಕೊಡಬೇಕು. ಮಗಳ ಓದು ಇನ್ನೂ ಮೂರು ವರ್ಷ ಇದೆ, ನನಗೆ ಈ ಕೆಲಸ ಬೇಕು. ಅದಕ್ಕಿಂತ ಹೆಚ್ಚಾಗಿ, ಈ ಕೆಲಸ ನನಗೆ ಇಷ್ಟ. ಮೇ ಹನ್ನೊಂದರ ಸಂಜೆ ಬ್ರೆಮರ್ ಶಾಲೆಯಲ್ಲಿ ಊರವರ ಸಭೆ ಇದೆ. ಹೆದರಿಕೆಯಾಗುತ್ತಿದೆ, ಬೇರೆ ಯಾರಿಗೂ ಹೇಳಿಲ್ಲ.

ಕಾರ್ಲಾ

*

ಲಾಸ್ ಕ್ರೂಸಸ್
ಮೇ 3, 1993

ಪ್ರಿಯ ಕಾರ್ಲಾ,

ಹ್ಯಾನ್ಸಲ್ ಹೇಳಿದ್ದಕ್ಕೆ ಒಪ್ಪಿಕೊ ಎನ್ನಲು ಕೂತೆ, ಪೆನ್ನು ಮುಂದೆ ಹೋಗಲಿಲ್ಲ. ಒಪ್ಪಬೇಡ ಎನ್ನಲು ನನಗೆ ಹಕ್ಕಿಲ್ಲ.

ಎಂಟನೇ ತಾರೀಖಿನ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಎರಡು ದಿನದ ದಾರಿ. ಸಭೆಯಲ್ಲಿ ಎದ್ದು ನಿಂತು, ಈ ಹುಡುಗಿಗೆ ಹೇಳಬೇಕಾದ್ದನ್ನು ಹೇಳದೆ ಹೋದವನು ನಾನು, ಬೈಯುವುದಿದ್ದರೆ ನನಗೆ ಬೈಯಿರಿ ಎಂದು ಹೇಳಿ ಕೂರುತ್ತೇನೆ. ಬ್ರೆಮರ್‌ನವರು ನನ್ನ ಮಾತು ಕೇಳುತ್ತಾರೆ, ಮೂವತ್ತೊಂದು ವರ್ಷದ ಪರಿಚಯ. ಲೆರಾಯ್‌ಗೂ ಎದುರಿಗೇ ಒಂದು ಮಾತು ಹೇಳುವುದಿದೆ.

ಹಾಲ್ವರ್

*

ಬ್ರೆಮರ್
ಮೇ 14, 1993

ಪ್ರಿಯ ಹಾಲ್ವರ್,

ಬಸ್ಸು ಹತ್ತದಂತೆ ತಡೆದದ್ದಕ್ಕೆ ಕೋಪ ಮಾಡಿಕೊಂಡಿದ್ದೀರಿ ಎಂದು ಗುದ್ರುನ್ ಹೇಳಿದರು. ಪೆಟ್ಟಿಗೆಯನ್ನು ಇನ್ನೂ ಬಿಚ್ಚಿಲ್ಲವಂತೆ. ನಾನು ಫೋನಿನಲ್ಲಿ ಒರಟಾಗಿ ಮಾತಾಡಿದೆ, ಕಾರಣ ಈಗ ಬರೆಯುತ್ತೇನೆ.

ನೀವು ಬಂದಿದ್ದರೆ ಎಲ್ಲರೂ ನಿಮ್ಮ ಮಾತು ನಂಬುತ್ತಿದ್ದರು. ಅದೇ ತೊಂದರೆ. ಕೇಂದ್ರದ ಹಳೆಯ ಸಾಹೇಬರು ಬಂದು ತಪ್ಪು ತಮ್ಮದು ಅಂದರು, ಕಾರ್ಲಾ ಪಾರಾದಳು ಎಂದಾಗುತ್ತಿತ್ತು. ಆಮೇಲೆ ಇಲ್ಲಿ ಯಾವ ಸೇತುವೆಗೆ ನಾನು ಸಹಿ ಹಾಕಿದರೂ, ನಿಜವಾಗಿ ನೋಡಿದವರು ಯಾರು ಎಂದು ಜನ ಕೇಳುತ್ತಿದ್ದರು. ಹ್ಯಾನ್ಸಲ್‌ಗೂ ಅದನ್ನೇ ಹೇಳಿದೆ. ಅವನು ಕಂಡುಹಿಡಿಯದ್ದನ್ನು ಅವನು ಕಂಡುಹಿಡಿದ ಎಂದು ಬರೆದರೆ ಅದೊಂದು ಎರಡನೇ ಸುಳ್ಳು ವರದಿ, ಮೊದಲನೆಯದಾದರೂ ಗೊತ್ತಿಲ್ಲದೆ ಬರೆದದ್ದು. ಅವನು ತಲೆ ಕೆರೆದುಕೊಂಡು, "ನಿಮಗೆ ಒಳ್ಳೇದಾಗ್ಲಿ ಅಂತ ಹೇಳಿದ್ದು ಮೇಡಂ," ಅಂದ. ಅವನ ಮೇಲೆ ನನಗೆ ಬೇಸರವಿಲ್ಲ. ವರದಿಯನ್ನು ನಾನೇ ಬರೆದು ನನ್ನ ಹೆಸರಿನಲ್ಲಿ ಫಾಸ್‌ಗೂ ಹ್ಯಾನ್ಸಲ್‌ಗೂ ಒಂದೇ ದಿನ ಕಳಿಸಿದೆ. ನಿಮ್ಮ ಫೆಬ್ರವರಿಯ ಕಾಗದದಿಂದ ಕಾರಣ ತಿಳಿಯಿತು ಎಂಬುದನ್ನೂ ಬರೆದಿದ್ದೇನೆ. ನಿಮ್ಮದೆಷ್ಟೋ ಅಷ್ಟು ನಿಮಗೆ, ಉಳಿದದ್ದು ನನಗೆ.

ಸಭೆಗೆ ನೂರ ನಲವತ್ತು ಜನ ಬಂದಿದ್ದರು. ಬಿತ್ತನೆಯ ಹೊತ್ತಿನಲ್ಲಿ ಮೂವತ್ತೊಂದು ಮೈಲಿ ಸುತ್ತಿ ಬಂದ ಸಿಟ್ಟು ಎಲ್ಲರ ಮುಖದಲ್ಲೂ ಇತ್ತು. ಮೊದಲ ಅರ್ಧ ಗಂಟೆ ಬೈಗುಳ, ಅದು ನ್ಯಾಯವೇ. ಆಮೇಲೆ ಶಾಲೆ ಬಸ್ಸಿನ ಚಾಲಕಿ ಇರ್ಮಾ ಷಾಟ್ಸ್ ಎದ್ದಳು. ನಿಮಗೆ ಅವಳ ಗುರುತಿರಬೇಕು, ಅರವತ್ತು ದಾಟಿದೆ, ಗಂಡಸರ ಜಾಕೆಟ್ ಹಾಕುತ್ತಾಳೆ. ಅವಳು ಕೂಗಲಿಲ್ಲ.

"ಹತ್ತೊಂಬತ್ತು ಮಕ್ಕಳನ್ನ ಕೂರಿಸ್ಕೊಂಡು ದಿನಕ್ಕೆ ಎರಡು ಸಲ ಅದ್ರ ಮೇಲೆ ಹೋದೆ. ಸರಿಯಾಗಿದೆ ಅಂತ ಬರೆದವ್ರು ಯಾರು?"

"ನಾನು," ಅಂದೆ.

"ಸರಿಯಾಗಿಲ್ಲ ಅಂತ ಹೇಳಿದವ್ರು?"

"ಕಾರಣ ಹೇಳಿಕೊಟ್ಟಿದ್ದು ನೆಸ್. ಸರಪಳಿ ಎಳೆದು ಮುಚ್ಚಿದ್ದು ನಾನು."

"ರಿಪೇರಿ ಮಾಡ್ಸೋರು?"

"ನಾನೇ."

"ಮತ್ತೆ ಸರಿ ಆಯ್ತು ಅಂತ ಬರೆಯೋರು?"

"ನಾನೇ, ಇರ್ಮಾ. ಬೇರೆ ಯಾರೂ ಇಲ್ಲ."

ಸಭೆಯಲ್ಲಿ ಯಾರೋ ನಕ್ಕರು. ಹಿಂದಿನಿಂದ ಒಬ್ಬ, "ಕಳ್ಳನ ಕೈಲೇ ಬೀಗದ ಕೈ ಕೊಟ್ರಲ್ಲಪ್ಪ," ಎಂದ. ಇರ್ಮಾ ಅವನ ಕಡೆ ತಿರುಗಿ, "ಕಳ್ಳ ಆಗಿದ್ರೆ ಇಷ್ಟು ಹೊತ್ತಿಗೆ ಬೇರೆಯವ್ರ ಹೆಸ್ರು ಹೇಳಿರ್ತಿದ್ಲು. ಕೂತ್ಕೊಳ್ಳೋ," ಅಂದಳು. ನನಗೆ ಆಗ ಕಣ್ಣು ತುಂಬಿತು, ಮೈಕಿನ ತಂತಿ ಸರಿಮಾಡುವ ಹಾಗೆ ಬಗ್ಗಿದೆ. ಅವಳು ಕೂರುವ ಮೊದಲು ಇಷ್ಟು ಹೇಳಿದಳು: "ನನಗೆ ಕಾಗದ ಬೇಡ. ಸೇತುವೆ ತೆರೆದ ದಿನ ಬಸ್ಸಲ್ಲಿ ನೀನೂ ಇರ್ಬೇಕು."

ಇರುತ್ತೇನೆ ಎಂದಿದ್ದೇನೆ. ಫಾಸ್ ನನ್ನನ್ನು ತೆಗೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ತೆಗೆದರೂ ಇದೊಂದು ಮುಗಿಸಿಯೇ ಹೋಗುತ್ತೇನೆ ಎಂದು ಹೇಳಿದ್ದೇನೆ. ಲೆರಾಯ್ ನಿಮಗೆ ಬೇರೆ ಕಾಗದ ಬರೆಯುತ್ತಿದ್ದಾನೆ. ಮೂರು ದಿನದಿಂದ ಮೊದಲ ಸಾಲಿನಲ್ಲೇ ಇದ್ದಾನೆ.

ಕಾರ್ಲಾ

*

ಲಾಸ್ ಕ್ರೂಸಸ್
ಮೇ 25, 1993

ಪ್ರಿಯ ಕಾರ್ಲಾ,

ಪೆಟ್ಟಿಗೆ ಬಿಚ್ಚಿದೆ. ಕೋಪ ಹತ್ತು ದಿನ ಇತ್ತು, ನಿಜ. ಹನ್ನೊಂದನೇ ದಿನ ನಿನ್ನ ಕಾಗದ ಬಂತು. ನೀನು ಹೇಳಿದ್ದು ಸರಿ, ನಾನು ಬರಬಾರದಿತ್ತು.

ಲೆರಾಯ್‌ನ ಕಾಗದವೂ ಬಂತು. ಅದರಲ್ಲಿ ಎರಡೇ ಸಾಲು. ಏನೆಂದು ನಿನಗೆ ಹೇಳುವುದಿಲ್ಲ. ಒಂದು ಗುಟ್ಟಾದರೂ ನನಗಿರಲಿ.

ಈ ವಾರ ಒಂದು ನೋಟುಪುಸ್ತಕ ಕೊಂಡು ತಂದೆ. ನನಗೆ ಗೊತ್ತಿದ್ದು ಯಾವ ಪುಸ್ತಕದಲ್ಲೂ ಇಲ್ಲದ್ದನ್ನೆಲ್ಲ ಬರೆಯುತ್ತಿದ್ದೇನೆ, ನಲವತ್ತೊಂದು ಪುಟ ಆಯಿತು. ತುಂಬಿದ ಮೇಲೆ ಕಳಿಸುತ್ತೇನೆ. ಓದಿ, ತಪ್ಪಿದ್ದರೆ ತಿದ್ದು.

ಹಾಲ್ವರ್

*

ಬ್ರೆಮರ್
ಸೆಪ್ಟೆಂಬರ್ 8, 1993

ಪ್ರಿಯ ಹಾಲ್ವರ್,

ಈ ಬೇಸಿಗೆ ಮಳೆಯೋ ಮಳೆ. ಜುಲೈನಲ್ಲಿ ಎರಡು ವಾರ ಕೆಲಸವೇ ನಡೆಯಲಿಲ್ಲ. ಟೊಳ್ಳನ್ನೆಲ್ಲ ಕಬ್ಬಿಣದ ಸರಳಿನ ಕೆಳಗಿನವರೆಗೂ ಕಿತ್ತು ತೆಗೆಸಿದೆ. ಹೊಸ ಕಾಂಕ್ರೀಟ್ ಹಾಕಿ, ಅದು ಗಟ್ಟಿಯಾದ ಮೇಲೆ ಮೂರು ಬೇರೆ ಬೇರೆ ದಿನ, ಮೂರು ಸಲವೂ ಮಧ್ಯಾಹ್ನದ ಬಿಸಿಲಲ್ಲಿ ಸರಪಳಿ ಎಳೆಸಿದೆ. ಒಂದು ಸಲ ಲೆರಾಯ್, ಒಂದು ಸಲ ನಾನು, ಒಂದು ಸಲ ನಾನಾಗಿ ಕರೆದು ಹ್ಯಾನ್ಸಲ್. ಅವನಿಗೆ ಕೇಳುವ ಕಿವಿ ಇದೆ, ಕಲಿಯುತ್ತಾನೆ. ಮೇಲುಸ್ತುವಾರಿ ನಮ್ಮ ಹತ್ತಿರವೇ ಉಳಿಯಿತು. ಫಾಸ್ ನನ್ನನ್ನು ತೆಗೆಯಲಿಲ್ಲ, ಹೊಗಳಲೂ ಇಲ್ಲ. ಆದರೆ ನನ್ನ ವರದಿಯನ್ನು ಎಂಟು ಜಿಲ್ಲೆಗಳಿಗೂ ಕಳಿಸಿದ್ದಾರೆ.

ನಿನ್ನೆ ಶಾಲೆ ಶುರು. ಸೇತುವೆ ತೆರೆದದ್ದೂ ನಿನ್ನೆಯೇ. ಏಳೂಕಾಲಿಗೆ ಇರ್ಮಾಳ ಬಸ್ಸು ಹತ್ತಿದೆ. ಅವಳ ಹಿಂದಿನ ಸೀಟು ನನಗಾಗಿ ಖಾಲಿ ಇಟ್ಟಿದ್ದಳು. ಈ ವರ್ಷ ಇಪ್ಪತ್ತೊಂದು ಮಕ್ಕಳು. ಪಕ್ಕದಲ್ಲಿ ಒಂದನೇ ತರಗತಿಯ ಹುಡುಗಿ, ಹೊಸ ಬೂಟು, ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ನೀವು ಯಾವ ಕ್ಲಾಸು ಎಂದು ನನ್ನನ್ನು ಕೇಳಿದಳು.

ಸೇತುವೆಯ ತಲೆಯಲ್ಲಿ ಇರ್ಮಾ ಬಸ್ಸು ನಿಲ್ಲಿಸಿದಳು. ಎದುರಿನಿಂದ ಯಾರೂ ಬರುತ್ತಿರಲಿಲ್ಲ, ನಿಲ್ಲಿಸಬೇಕಾದ ಕಾರಣವೇನೂ ಇರಲಿಲ್ಲ. ಕೈ ಗೇರಿನ ಮೇಲಿತ್ತು. ತಲೆಯ ಮೇಲಿನ ಕನ್ನಡಿಯಲ್ಲಿ ನನ್ನನ್ನೇ ನೋಡಿದಳು.

"ಹೋಗ್ಲಾ?"

ಹನ್ನೆರಡು ವರ್ಷದಲ್ಲಿ ನಾನು ಎಷ್ಟೋ ಕಾಗದಕ್ಕೆ ಸಹಿ ಹಾಕಿದ್ದೇನೆ ಹಾಲ್ವರ್. ಯಾರೂ ಹೀಗೆ ಮುಖ ನೋಡಿ ಕೇಳಿರಲಿಲ್ಲ.

"ಹೋಗು," ಅಂದೆ.

ಹೋದಳು.

ಕಾರ್ಲಾ